ಎಂಟು ವಾರ ಎಂದರೆ ಎಷ್ಟು?

ಮಕ್ಕಳೇ, ಒಂದು ಸಣ್ಣ ಚೀಟಿ ನಿಮ್ಮ ಕೈಗೆ ಸಿಕ್ಕಿತು ಎಂದುಕೊಳ್ಳಿ. ಅದರಲ್ಲಿ ಬರೆದಿರುವುದು ಇಷ್ಟೇ: ‘8 ವಾರ’. ಇದರ ಅರ್ಥವೇನು?

“ಎಂಟು ವಾರ ಎಂದರೆ 56 ದಿನ” ಎಂದು ನಿಮ್ಮಲ್ಲಿ ಹಲವರು ಥಟ್ಟನೆ ಹೇಳಬಹುದು. ಆದರೆ ಇಳಕಲ್ ಪಟ್ಟಣದ ಮಗ್ಗದ ಮನೆಯ ಮಕ್ಕಳನ್ನು ಕೇಳಿ ನೋಡಿ. “ಅದು ಸೀರೆಯ ಉದ್ದ” ಎನ್ನುತ್ತಾರೆ. ಬಟ್ಟೆ ಅಳೆಯುವವರಿಗೆ ಒಂದು ವಾರ ಎಂದರೆ ಮೂರು ಅಡಿ. ನಮ್ಮ ಕಡೆ ಹಲವರು ಇದನ್ನು ‘ವಾರಿ’ ಎಂದೂ ಕರೆಯುತ್ತಾರೆ. ಒಂದು ವಾರ 91.44 ಸೆಂಟಿಮೀಟರ್‌ಗೆ ಸಮ. ಆದ್ದರಿಂದ ಎಂಟು ವಾರದ ಸೀರೆಯ ಉದ್ದ ಸುಮಾರು 7 ಮೀಟರ್ 32 ಸೆಂಟಿಮೀಟರ್.

ಎರಡೂ ಉತ್ತರ ಸರಿಯೇ. ಯಾವುದು ಸರಿ ಎಂದು ತೀರ್ಮಾನಿಸಲು ಚೀಟಿಯಲ್ಲಿರುವ ಮಾಹಿತಿ ಸಾಲದು. ಆ ಮಾಹಿತಿ ಯಾವುದರ ಬಗ್ಗೆ, ಯಾವ ಅಳತೆಯಲ್ಲಿ, ಯಾರು, ಎಂದು ಬರೆದರು ಎಂಬ ಇನ್ನೊಂದು ಮಾಹಿತಿ ಬೇಕು. ಹೀಗೆ ಒಂದು ಮಾಹಿತಿಯ ಬಗ್ಗೆ ಇರುವ ಮಾಹಿತಿಗೆ ಕಂಪ್ಯೂಟರ್ ತಿಳಿದವರು ‘ಮೆಟಾಡೇಟಾ’ ಎನ್ನುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ. ಮೆಟಾಡೇಟಾವನ್ನು ನೀವು ದಿನವೂ ನೋಡುತ್ತಿದ್ದೀರಿ.

ಹಾಜರಿ ಪುಸ್ತಕದ ಮೇಲಿನ ಸಾಲು

ನಿಮ್ಮ ತರಗತಿಯ ಹಾಜರಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಅದರಲ್ಲಿ ಸಾಲುಸಾಲಾಗಿ ಹೆಸರುಗಳು, ಎದುರಿಗೆ ಚೌಕಗಳು, ಚೌಕಗಳಲ್ಲಿ ಗುರುತುಗಳು. ಎಲ್ಲಕ್ಕಿಂತ ಮೇಲೆ ಒಂದು ಸಾಲಿದೆ: ‘ಕ್ರಮ ಸಂಖ್ಯೆ’, ‘ವಿದ್ಯಾರ್ಥಿಯ ಹೆಸರು’, ‘1’, ‘2’, ‘3’... ಹೀಗೆ 31ರ ತನಕ. ಇನ್ನೂ ಮೇಲೆ ತಿಂಗಳು, ವರ್ಷ, ತರಗತಿ, ಶಾಲೆಯ ಹೆಸರು.

ಈಗ ಆ ಮೇಲಿನ ಭಾಗವನ್ನಷ್ಟೇ ಕತ್ತರಿಸಿ ತೆಗೆದರೆ? ಒಳಗಿನ ಗುರುತುಗಳು ಹಾಗೆಯೇ ಇರುತ್ತವೆ. ಒಂದೂ ಅಳಿಸಿಲ್ಲ. ಆದರೂ ಆ ಪುಟ ಯಾವ ತಿಂಗಳಿನದು, ಯಾವ ತರಗತಿಯದು ಎಂದು ಯಾರಿಗೂ ಗೊತ್ತಾಗದು. ಒಳಗಿನ ಗುರುತುಗಳು ದತ್ತಾಂಶ. ಮೇಲಿನ ಸಾಲು ಮೆಟಾಡೇಟಾ. ಜಾಗದಲ್ಲಿ ಚಿಕ್ಕದಾದರೂ ಪುಟ ಉಪಯೋಗಕ್ಕೆ ಬರುವುದು ಆ ಸಾಲಿನಿಂದಲೇ.

ಗ್ರಂಥಾಲಯದಲ್ಲಿ ಪುಸ್ತಕದ ಹೆಸರು, ಬರೆದವರು, ಪ್ರಕಟವಾದ ವರ್ಷ, ಇಟ್ಟಿರುವ ಕಪಾಟು ಇವನ್ನೆಲ್ಲ ಬರೆದಿಟ್ಟ ಕಾರ್ಡುಗಳಿರುತ್ತಿದ್ದವು. ಅವೂ ಮೆಟಾಡೇಟಾವೇ. ಕಂಪ್ಯೂಟರ್ ಹುಟ್ಟುವ ಮೊದಲೇ ಈ ಕೆಲಸ ನಡೆದಿತ್ತು. ಹೆಸರು ಮಾತ್ರ ಹೊಸದು.

ಇಳಕಲ್ ಸೀರೆಯ ಚೀಟಿ

ಈಗ ಒಂದು ವ್ಯಾಪಾರದ ಲೆಕ್ಕಕ್ಕೆ ಬರೋಣ. ಇಳಕಲ್‌ನಲ್ಲಿ ಒಂದು ಸೀರೆ ಅಂಗಡಿ ಇದೆ ಎಂದುಕೊಳ್ಳಿ. ಅಲ್ಲಿನ ಪುಸ್ತಕದಲ್ಲಿ ಒಂದು ಸಾಲು ಹೀಗಿದೆ:

ಗೋಮಿ, 8, 4, 80, 1850

ಅಂಗಡಿಯ ಹಿರಿಯರಿಗೆ ಇದು ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಗೋಮಿ ಎಂಬುದು ದಡಿಯ, ಅಂದರೆ ಅಂಚಿನ, ವಿನ್ಯಾಸದ ಹೆಸರು. 8 ಸೀರೆಯ ಉದ್ದ, ವಾರದಲ್ಲಿ. 4 ದಡಿಯ ಅಗಲ, ಇಂಚಿನಲ್ಲಿ. 80 ನೂಲಿನ ಕೌಂಟ್. 1850 ಬೆಲೆ, ರೂಪಾಯಿಯಲ್ಲಿ. ಅವರ ತಲೆಯಲ್ಲಿಯೇ ಮೆಟಾಡೇಟಾ ಇದೆ; ಪುಸ್ತಕದಲ್ಲಿ ಇಲ್ಲ. ಹಿರಿಯರು ಅಂಗಡಿಯಲ್ಲಿ ಕುಳಿತಿರುವಷ್ಟು ದಿನ ತೊಂದರೆಯಿಲ್ಲ. ಇದೇ ಸಾಲನ್ನು ಬೆಂಗಳೂರಿನ ಒಬ್ಬ ವರ್ತಕರಿಗೆ ಕಳಿಸಿದರೆ ಅವರು ತಲೆ ಕೆರೆದುಕೊಳ್ಳಬೇಕಾಗುತ್ತದೆ. 4 ಎಂದರೆ ನಾಲ್ಕು ಸೀರೆಗಳೋ? 80 ಎಂದರೆ ಅಂಗಡಿಯಲ್ಲಿ ಉಳಿದಿರುವ ಸಂಖ್ಯೆಯೋ? 1850 ಒಂದಕ್ಕೋ, ನಾಲ್ಕಕ್ಕೋ?

ಇಳಕಲ್ ಸೀರೆಯನ್ನೇ ಉದಾಹರಣೆಗೆ ತೆಗೆದುಕೊಂಡಿದ್ದಕ್ಕೆ ಕಾರಣವಿದೆ. ಈ ಸೀರೆಯ ಒಂದೊಂದು ಭಾಗವೂ ಒಂದೊಂದು ಬಗೆ. ಮೈಭಾಗಕ್ಕೆ ಸಾಮಾನ್ಯವಾಗಿ ಹತ್ತಿ. ದಡಿಗೆ ಹಲವು ಸಲ ‘ಚಮಕ’ ಎಂದು ಕರೆಯುವ ಕೃತಕ ರೇಷ್ಮೆ. ಸೆರಗಿಗೆ ರೇಷ್ಮೆ ಅಥವಾ ಕೃತಕ ರೇಷ್ಮೆ. ಸೆರಗಿನ ಕೆಂಪು ಬಣ್ಣದ ನಡುವೆ ಬಿಳಿ ಹಲ್ಲುಗಳಂಥ ವಿನ್ಯಾಸ ಇರುತ್ತದಲ್ಲ, ಅದಕ್ಕೆ ‘ಟೋಪ್ ತೆನಿ’ ಎನ್ನುತ್ತಾರೆ. ಮೈಭಾಗದ ಹಾಸಿನ ಎಳೆಗಳಿಗೂ ಸೆರಗಿನ ಹಾಸಿನ ಎಳೆಗಳಿಗೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವುದು ಇಲ್ಲಿನ ನೇಕಾರರ ವಿಶೇಷ ಕೌಶಲ. ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳು. ಅಡ್ಡಲಾಗಿ ಓಡುವ ಎಳೆ ಹೊಕ್ಕು. ಹೀಗೆ ಜೋಡಿಸಬೇಕಾದ್ದರಿಂದ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು.

ಆದ್ದರಿಂದ “ಇದು ರೇಷ್ಮೆ ಸೀರೆಯೇ?” ಎಂದು ಗಿರಾಕಿ ಕೇಳಿದರೆ ಒಂದೇ ಮಾತಿನಲ್ಲಿ ಹೌದು ಅಥವಾ ಇಲ್ಲ ಎನ್ನಲಾಗದು. ಪಟ್ಟಿಯಲ್ಲಿ ‘ನೂಲು’ ಎಂಬ ಒಂದೇ ಕಾಲಂ ಇದ್ದರೆ ಸಾಲದು. ‘ಮೈಭಾಗದ ನೂಲು’, ‘ದಡಿಯ ನೂಲು’, ‘ಸೆರಗಿನ ನೂಲು’ ಎಂದು ಮೂರು ಕಾಲಂ ಬೇಕು. ಯಾವ ಯಾವ ಕಾಲಂ ಇರಬೇಕು ಎಂದು ತೀರ್ಮಾನಿಸುವುದೇ ಮೆಟಾಡೇಟಾದ ಅರ್ಧ ಕೆಲಸ. ನೇಯ್ಗೆ ಗೊತ್ತಿಲ್ಲದ ಕಂಪ್ಯೂಟರ್ ತಜ್ಞರು ಒಬ್ಬರೇ ಕುಳಿತು ಇದನ್ನು ಮಾಡಲಾರರು. ನೇಕಾರರನ್ನು ಕೇಳಲೇಬೇಕು.

ಒಂದೇ ಇಪ್ಪತ್ತು, ಎರಡು ನೂಲು

ನೂಲಿನ ಸಂಖ್ಯೆಯಲ್ಲಿ ಇನ್ನೊಂದು ಸೋಜಿಗವಿದೆ. ಹತ್ತಿಯ ನೂಲನ್ನು ‘ಕೌಂಟ್’ ಲೆಕ್ಕದಲ್ಲಿ ಹೇಳುತ್ತಾರೆ. 840 ವಾರ ಉದ್ದದ ಎಷ್ಟು ಲಡಿಗಳು ಸೇರಿದರೆ ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ, ತೂಗುತ್ತವೆಯೋ ಅದೇ ಆ ನೂಲಿನ ಕೌಂಟ್. 80 ಕೌಂಟಿನ ನೂಲು ಎಂದರೆ ಒಂದು ಪೌಂಡ್ ನೂಲಿನಲ್ಲಿ 80 ಲಡಿಗಳು. ಒಟ್ಟು ಉದ್ದ 67,200 ವಾರ! ಅಂದರೆ 61 ಕಿಲೊಮೀಟರ್‌ಗೂ ಹೆಚ್ಚು. ಅರ್ಧ ಕಿಲೋಗಿಂತ ಕಡಿಮೆ ತೂಕದಲ್ಲಿ ಅಷ್ಟು ಉದ್ದ ಹಿಡಿಯಬೇಕಾದರೆ ನೂಲು ಎಷ್ಟು ತೆಳುವಾಗಿರಬೇಕು, ಯೋಚಿಸಿ. ಕೌಂಟ್ ಹೆಚ್ಚಿದಷ್ಟೂ ನೂಲು ತೆಳು.

ರೇಷ್ಮೆಗೆ ‘ಡೆನಿಯರ್’ ಎಂಬ ಬೇರೆ ಲೆಕ್ಕ. 9,000 ಮೀಟರ್ ಉದ್ದದ ಎಳೆ ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರ್. ಇಲ್ಲಿ ಎಲ್ಲ ತಲೆಕೆಳಗು. ಡೆನಿಯರ್ ಹೆಚ್ಚಿದಷ್ಟೂ ಎಳೆ ದಪ್ಪ!

ಈಗ ಪಟ್ಟಿಯಲ್ಲಿ ಬರೇ ‘20’ ಎಂದು ಬರೆದಿದ್ದರೆ? 20 ಡೆನಿಯರ್ ರೇಷ್ಮೆಯಾದರೆ 9,000 ಮೀಟರ್ ತೂಗುವುದು 20 ಗ್ರಾಂ. 20 ಕೌಂಟಿನ ಹತ್ತಿಯಾದರೆ ಅಷ್ಟೇ ಉದ್ದದ ನೂಲು ಸುಮಾರು 266 ಗ್ರಾಂ ತೂಗುತ್ತದೆ. ಹದಿಮೂರು ಪಟ್ಟು ವ್ಯತ್ಯಾಸ! ಅಂಕಿ ಒಂದೇ. ನೂಲು ತರಿಸುವವರು ಅಂಕಿಯನ್ನಷ್ಟೇ ನೋಡಿ ತರಿಸಿದರೆ ಮಗ್ಗ ನಿಂತುಹೋಗುತ್ತದೆ.

ಇಂಥ ಎಡವಟ್ಟು ಸಣ್ಣವರಿಗಷ್ಟೇ ಆಗುತ್ತದೆ ಎಂದುಕೊಳ್ಳಬೇಡಿ. 1999ರ ಸೆಪ್ಟೆಂಬರ್ 23ರಂದು ಅಮೆರಿಕದ ನಾಸಾ ಸಂಸ್ಥೆಯ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ಎಂಬ ನೌಕೆ ಮಂಗಳ ಗ್ರಹವನ್ನು ತಲುಪಿದ ಕೂಡಲೇ ಕಳೆದುಹೋಯಿತು. ನೌಕೆಯ ಪುಟ್ಟ ರಾಕೆಟ್‌ಗಳು ಎಷ್ಟು ತಳ್ಳಿದವು ಎಂಬ ಲೆಕ್ಕವನ್ನು ಒಂದು ಕಡೆಯ ಪ್ರೋಗ್ರಾಮ್ ಪೌಂಡ್ ಅಳತೆಯಲ್ಲಿ ಕೊಟ್ಟಿತ್ತು. ಇನ್ನೊಂದು ಕಡೆಯವರು ಅದನ್ನು ನ್ಯೂಟನ್ ಅಳತೆ ಎಂದು ತಿಳಿದರು. ಒಂದು ಪೌಂಡ್ ಬಲ ಸುಮಾರು 4.45 ನ್ಯೂಟನ್‌ಗೆ ಸಮ. ನೌಕೆ ಲೆಕ್ಕ ಹಾಕಿದ್ದಕ್ಕಿಂತ ತೀರ ಕೆಳಗೆ, ಮಂಗಳದ ವಾತಾವರಣದೊಳಕ್ಕೇ ನುಗ್ಗಿತು.

ಕಂಪ್ಯೂಟರ್‌ನ ಕೋಷ್ಟಕದಲ್ಲಿ

ಅಂಗಡಿಯ ಪುಸ್ತಕವನ್ನು ಕಂಪ್ಯೂಟರ್‌ಗೆ ಏರಿಸಿದರೆ ಅದು ‘ಡೇಟಾಬೇಸ್’ ಆಗುತ್ತದೆ. ಮಾಹಿತಿಯನ್ನು ಅಡ್ಡಸಾಲು ಮತ್ತು ಕಾಲಂಗಳಿರುವ ಕೋಷ್ಟಕಗಳಲ್ಲಿ ಇಡಬೇಕೆಂಬ ವಿಚಾರವನ್ನು 1970ರಲ್ಲಿ ಐಬಿಎಂ ಕಂಪನಿಯಲ್ಲಿದ್ದ ಎಡ್ಗರ್ ಕಾಡ್ ಎಂಬ ವಿಜ್ಞಾನಿ ಮಂಡಿಸಿದರು. ಬ್ಯಾಂಕು, ರೈಲು, ವಿದ್ಯುತ್ ಬಿಲ್ಲು, ಅಂಗಡಿಗಳ ಲೆಕ್ಕ ಬಹುಮಟ್ಟಿಗೆ ಇಂದಿಗೂ ಇದೇ ಕ್ರಮದಲ್ಲಿ ನಡೆಯುತ್ತದೆ. ಕಾಡ್ ಹೇಳಿದ ಇನ್ನೊಂದು ಮಾತು ಸೊಗಸಾಗಿದೆ. ಕೋಷ್ಟಕಗಳ ವಿವರಣೆಯನ್ನೂ ಕೋಷ್ಟಕವಾಗಿಯೇ ಇಡಬೇಕು ಎಂದರು ಅವರು. ಅಂದರೆ ಯಾವ ಯಾವ ಕೋಷ್ಟಕಗಳಿವೆ, ಯಾವ ಯಾವ ಕಾಲಂಗಳಿವೆ ಎಂದು ತಿಳಿಸುವ ಕೋಷ್ಟಕಗಳು ಡೇಟಾಬೇಸಿನೊಳಗೇ ಇರುತ್ತವೆ. ಪಟ್ಟಿಗಳ ಪಟ್ಟಿ!

ಆ ವಿವರಣೆಯಲ್ಲಿ ಏನಿರುತ್ತದೆ? ಪ್ರತಿ ಕಾಲಂನ ಹೆಸರು, ಅದರಲ್ಲಿ ಅಂಕಿ ಬರಬೇಕೋ ಅಕ್ಷರ ಬರಬೇಕೋ ದಿನಾಂಕ ಬರಬೇಕೋ, ಖಾಲಿ ಬಿಡಬಹುದೇ ಬಾರದೇ, ಎಷ್ಟರಿಂದ ಎಷ್ಟರವರೆಗೆ ಇರಬಹುದು ಮುಂತಾದವು. ಇವುಗಳ ಜೊತೆಗೆ ಅಳತೆ ಯಾವುದು, ಕಾಲಂನ ಅರ್ಥವೇನು, ಅದನ್ನು ತುಂಬುವವರು ಯಾರು ಎಂದು ಜನರು ಓದಲೆಂದು ಬರೆದಿಟ್ಟ ಪುಸ್ತಕಕ್ಕೆ ‘ದತ್ತಾಂಶ ನಿಘಂಟು’ ಎನ್ನಬಹುದು. ಸೀರೆಯ ಉದ್ದದ ಕಾಲಂಗೆ 6, 8, 9 ವಾರ ಮಾತ್ರ ಬರಬಹುದು ಎಂದು ಮೊದಲೇ ಹೇಳಿಟ್ಟರೆ, ಯಾರಾದರೂ ಕೈತಪ್ಪಿ 88 ಎಂದು ಒತ್ತಿದಾಗ ಕಂಪ್ಯೂಟರ್ ಒಪ್ಪುವುದಿಲ್ಲ. ಅದಕ್ಕೆ ಸೀರೆ ಎಂದರೇನೆಂದು ಗೊತ್ತಿಲ್ಲ. ಮೆಟಾಡೇಟಾ ಹೇಳಿದ್ದಷ್ಟೇ ಗೊತ್ತು.

‘ಅಂಕಿಯೋ ಅಕ್ಷರವೋ’ ಎಂಬ ಪ್ರಶ್ನೆ ಸರಳವಾಗಿ ಕಾಣುತ್ತದೆ. ಒಂದು ಪರೀಕ್ಷೆ ಮಾಡೋಣ. ಬಾಗಲಕೋಟೆಯ ಪಿನ್ ಕೋಡ್ 587101, ಬಾದಾಮಿಯದು 587201, ಹುನಗುಂದದ್ದು 587118, ಇಳಕಲ್‌ದು 587125. ಇವು ಅಂಕಿಗಳೇ ತಾನೆ? ಹಾಗಾದರೆ ನಾಲ್ಕನ್ನೂ ಕೂಡಿ ಸರಾಸರಿ ತೆಗೆಯಿರಿ. ಉತ್ತರವೇನೋ ಬರುತ್ತದೆ, ಆದರೆ ಅದಕ್ಕೆ ಅರ್ಥವೇ ಇಲ್ಲ! ಪಿನ್ ಕೋಡ್ ನೋಡಲು ಅಂಕಿಯಂತಿದ್ದರೂ ನಿಜವಾಗಿ ಅದೊಂದು ಹೆಸರು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಕ್ರಮದಲ್ಲಿ ಮೊದಲಿನ 5 ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳ ವಲಯವನ್ನು ಸೂಚಿಸುತ್ತದೆ. ಮೊದಲ ಮೂರು ಅಂಕಿ ಅಂಚೆ ವಿಂಗಡಣೆಯ ಪ್ರದೇಶವನ್ನೂ ಕೊನೆಯ ಮೂರು ಅಂಕಿ ಅಂಚೆ ಕಚೇರಿಯನ್ನೂ ಹೇಳುತ್ತವೆ. ನಮ್ಮ ನಾಲ್ಕೂ ಊರುಗಳಿಗೆ 587 ಸಮಾನವಾಗಿರುವುದನ್ನು ಗಮನಿಸಿದಿರಾ?

ದೂರವಾಣಿಯ ಎಸ್‌ಟಿಡಿ ಕೋಡ್‌ನಲ್ಲಿ ಇನ್ನೂ ಮೋಜಿದೆ. ಬಾಗಲಕೋಟೆಗೆ 08354, ಬಾದಾಮಿಗೆ 08357, ಹುನಗುಂದ-ಇಳಕಲ್ ಕಡೆಗೆ 08351. ಕಾಲಂನಲ್ಲಿ ‘ಅಂಕಿ’ ಎಂದು ಹೇಳಿದ್ದರೆ ಕಂಪ್ಯೂಟರ್ ಮುಂದಿನ ಸೊನ್ನೆಯನ್ನು ನುಂಗಿಬಿಡುತ್ತದೆ. ಗಣಿತದಲ್ಲಿ 08351 ಮತ್ತು 8351 ಒಂದೇ ಅಲ್ಲವೇ? ಅದರ ತಪ್ಪಿಲ್ಲ. ಅದು ಸಂಖ್ಯೆಯಲ್ಲ, ಗುರುತು ಎಂದು ನಾವು ಮೊದಲೇ ಹೇಳಿರಬೇಕು.

ಕದಲದ ಊರು, ಬದಲಾದ ವಿಳಾಸ

ಊರಿನ ಹೆಸರಾದರೂ ಸುಲಭವಿರಬೇಕಲ್ಲ? ಅದೂ ಇಲ್ಲ. ಇಳಕಲ್‌ನ ಒಬ್ಬ ವರ್ತಕರ ಮನೆಯಲ್ಲಿ ಅಜ್ಜನ ಕಾಲದಿಂದ ಬಿಲ್ಲುಗಳನ್ನು ಕೂಡಿಟ್ಟಿದ್ದಾರೆ ಎಂದುಕೊಳ್ಳಿ. 1956ರ ನವೆಂಬರ್ 1ಕ್ಕಿಂತ ಮುಂಚಿನ ಬಿಲ್ಲಿನಲ್ಲಿ ಮುಂಬಯಿ ರಾಜ್ಯ, ಬಿಜಾಪುರ ಜಿಲ್ಲೆ ಎಂದಿರುತ್ತದೆ. ಆಮೇಲಿನದರಲ್ಲಿ ಮೈಸೂರು ರಾಜ್ಯ. 1973ರ ನಂತರ ಕರ್ನಾಟಕ ರಾಜ್ಯ. 1997ರಲ್ಲಿ ಬಿಜಾಪುರ ಜಿಲ್ಲೆಯಿಂದ ಬಾಗಲಕೋಟೆ ಜಿಲ್ಲೆ ಬೇರೆಯಾಯಿತು. ಬಹುಕಾಲ ಹುನಗುಂದ ತಾಲ್ಲೂಕಿನಲ್ಲಿದ್ದ ಇಳಕಲ್ ಈಚಿನ ವರ್ಷಗಳಲ್ಲಿ ತಾನೇ ತಾಲ್ಲೂಕಾಯಿತು. ಇತ್ತ ಬಿಜಾಪುರದ ಹೆಸರೇ 2014ರಲ್ಲಿ ವಿಜಯಪುರವಾಯಿತು. ಊರು ಒಂದಿಂಚೂ ಕದಲಿಲ್ಲ. ವಿಳಾಸ ಮಾತ್ರ ಇಷ್ಟು ಸಲ ಬದಲಾಯಿತು!

ಇಷ್ಟು ಸಾಲದೆಂಬಂತೆ ಕೆಲವರು ಇಳಕಲ್ ಎಂದೂ ಕೆಲವರು ಇಲಕಲ್ಲ ಎಂದೂ ಬರೆಯುತ್ತಾರೆ. ಕಂಪ್ಯೂಟರ್‌ಗೆ ಇವು ಎರಡು ಬೇರೆ ಊರುಗಳು. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ಅದಕ್ಕೇ ಡೇಟಾಬೇಸಿನಲ್ಲಿ ಪ್ರತಿ ಊರಿಗೂ ಬದಲಾಗದ ಒಂದು ಸಂಕೇತ ಸಂಖ್ಯೆ ಕೊಟ್ಟು, ಅದರೆದುರು ಹೆಸರುಗಳನ್ನೂ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಯಾವ ಜಿಲ್ಲೆ ಎಂಬುದನ್ನೂ ಬರೆದಿಡುತ್ತಾರೆ. ಮೆಟಾಡೇಟಾದಲ್ಲಿ ‘ಯಾವಾಗ’ ಎಂಬ ಪ್ರಶ್ನೆ ತುಂಬ ಮುಖ್ಯ.

ಬಾದಾಮಿಯ ಬಂಡೆ ಹೇಳುವ ಐನೂರು

‘ಯಾವಾಗ’ ಎಂಬುದನ್ನು ಚೆನ್ನಾಗಿ ಬರೆದಿಟ್ಟವರನ್ನು ನೋಡಬೇಕಾದರೆ ಬಾದಾಮಿಗೆ ಹೋಗಬೇಕು. ಅಲ್ಲಿನ ಮೂರನೆಯ ಗುಹೆ ವಿಷ್ಣುವಿನದು. ಚಾಲುಕ್ಯ ದೊರೆ ಕೀರ್ತಿವರ್ಮನ ತಮ್ಮ ಮಂಗಳೇಶ ಅದನ್ನು ಮಾಡಿಸಿದ. ಗುಹೆಯೊಳಗಿನ ಸಂಸ್ಕೃತ ಶಾಸನದಲ್ಲಿ ‘ಐನೂರು’ ಎಂಬ ಸಂಖ್ಯೆ ಬರುತ್ತದೆ. ಐನೂರು ಎಂದಷ್ಟೇ ಕೆತ್ತಿ ಬಿಟ್ಟಿದ್ದರೆ ಇಂದು ನಾವು ಏನೆಂದು ತಿಳಿಯಬೇಕಿತ್ತು? ಕ್ರಿಸ್ತಶಕ 500 ಎಂದು ತಪ್ಪಾಗಿ ಓದುವವರೂ ಇರುತ್ತಿದ್ದರು.

ಶಾಸನ ಬರೆಸಿದವರು ಜಾಣರು. ಶಕ ವರ್ಷ ಐನೂರು ಕಳೆದಾಗ, ರಾಜನ ಆಳ್ವಿಕೆಯ ಹನ್ನೆರಡನೆಯ ವರ್ಷದಲ್ಲಿ, ಕಾರ್ತಿಕದ ಹುಣ್ಣಿಮೆಯ ದಿನ ಎಂದು ಎಲ್ಲವನ್ನೂ ಬರೆಸಿದ್ದಾರೆ. ಯಾವ ಎಣಿಕೆ ಎಂದು ಗೊತ್ತಾದ್ದರಿಂದ ನಮ್ಮ ಕೆಲಸ ಸುಲಭ. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ: 500 + 78 = 578. ಕಾರ್ತಿಕ ಎಂದು ಹೇಳಿದ್ದರಿಂದ ಅದು 578ರ ಕೊನೆಯ ತಿಂಗಳುಗಳು ಎಂದೂ ತಿಳಿಯಿತು. ಅದು ಆಳ್ವಿಕೆಯ ಹನ್ನೆರಡನೆಯ ವರ್ಷ ಎಂದು ಹೇಳಿದ್ದರಿಂದ ಇನ್ನೂ ಒಂದು ಲಾಭವಾಯಿತು. ಹಿಂದಕ್ಕೆ ಎಣಿಸಿ ಕೀರ್ತಿವರ್ಮ 566ರ ಸುಮಾರಿಗೆ ಪಟ್ಟಕ್ಕೆ ಬಂದ ಎಂದು ಇತಿಹಾಸಕಾರರು ಕಂಡುಕೊಂಡರು. ಬಾದಾಮಿಯ ಒಂದನೆಯ ಮತ್ತು ಎರಡನೆಯ ಗುಹೆಗಳಲ್ಲಿ ಇಂಥ ತಾರೀಖಿಲ್ಲ. ಅವುಗಳ ಕಾಲವನ್ನು ಶಿಲ್ಪದ ಶೈಲಿ ನೋಡಿ ಅಂದಾಜು ಮಾಡಬೇಕಾಗಿದೆ.

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಮೇಗುಟಿ ಎಂಬ ಬಸದಿಯಿದೆ. ಎರಡನೆಯ ಪುಲಕೇಶಿಯನ್ನು ಹೊಗಳಿ ರವಿಕೀರ್ತಿ ಬರೆದ ಶಾಸನ ಅಲ್ಲಿದೆ. ಅದರಲ್ಲಿ ತಾರೀಖನ್ನು ಎರಡು ಎಣಿಕೆಯಲ್ಲಿ ಕೊಟ್ಟಿದ್ದಾರೆ: ಭಾರತ ಯುದ್ಧದಿಂದ 3735 ವರ್ಷ, ಶಕ ವರ್ಷ 556. ಎರಡನ್ನೂ ಲೆಕ್ಕ ಹಾಕಿದರೆ ಒಂದೇ ಉತ್ತರ, ಕ್ರಿಸ್ತಶಕ 634. ಒಂದು ಎಣಿಕೆ ಮರೆತುಹೋದರೂ ಇನ್ನೊಂದರಿಂದ ತಾಳೆ ನೋಡಬಹುದು. ಭಾರತ ಯುದ್ಧ ನಿಜಕ್ಕೂ ಎಂದು ನಡೆಯಿತು ಎಂಬುದು ಬೇರೆ ಪ್ರಶ್ನೆ. ಇಲ್ಲಿ ಅದು ಒಂದು ಎಣಿಕೆಯ ಆರಂಭ ಅಷ್ಟೆ. ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದವರು ಪ್ರತಿ ಶಾಸನಕ್ಕೂ ಊರು, ಭಾಷೆ, ಲಿಪಿ, ಅರಸು, ಕಾಲ ಎಂದು ವಿವರ ಬರೆದು ಪಟ್ಟಿ ಮಾಡುತ್ತಾರೆ. ಕಲ್ಲಿನ ಮಾಹಿತಿಗೆ ಕಾಗದದ ಮೆಟಾಡೇಟಾ!

519.60

ಸೀರೆಯ ಅಂಗಡಿಯಲ್ಲಿ ತಪ್ಪಾದರೆ ಸೀರೆ ವಾಪಸ್ ಬಂದೀತು. ಆದರೆ ಕೆಲವು ಅಂಕಿಗಳ ಹಿಂದೆ ಮನೆ, ಹೊಲಗಳೇ ಇರುತ್ತವೆ. ಬಾಗಲಕೋಟೆಯಲ್ಲಿ ದೊಡ್ಡವರಿಗೆ ಬಾಯಿಪಾಠವಾಗಿರುವ ಒಂದು ಅಂಕಿ 519.60. ಆಲಮಟ್ಟಿ ಜಲಾಶಯಕ್ಕೆ ಸಂಬಂಧಿಸಿದ ಅಂಕಿ ಇದು, ಮೀಟರ್‌ನಲ್ಲಿ.

ಅಳತೆಯೂ ಗೊತ್ತಾಯಿತು, ಇನ್ನೇನು ಬೇಕು ಎನ್ನುತ್ತೀರಾ? ಪತ್ರಿಕೆಗಳಲ್ಲಿ ಇದನ್ನು ‘ಅಣೆಕಟ್ಟೆಯ ಎತ್ತರ’ ಎಂದು ಬರೆಯುವುದುಂಟು. ನಿಜವಾಗಿಯೂ ಕಟ್ಟೆ ಅಷ್ಟು ಎತ್ತರವಿದೆಯೇ? ಭಾರತದ ಅತಿ ಎತ್ತರದ ತೆಹ್ರಿ ಅಣೆಕಟ್ಟೆಯೇ 260.5 ಮೀಟರ್. ಆಲಮಟ್ಟಿಯ ಕಟ್ಟೆ ಸುಮಾರು 50 ಮೀಟರ್ ಮಾತ್ರ. ಹಾಗಾದರೆ 519.60 ಏನು? ಜಲಾಶಯ ತುಂಬಿದಾಗ ನೀರಿನ ಮೇಲ್ಮೈ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂಬುದು. ‘ಎಲ್ಲಿಂದ ಅಳೆದದ್ದು’ ಎಂಬ ಮಾಹಿತಿ ಇಲ್ಲದಿದ್ದರೆ ಮೀಟರ್ ಎಂದು ಬರೆದಿದ್ದರೂ ಅಂಕಿ ದಾರಿ ತಪ್ಪಿಸುತ್ತದೆ.

ಈ ಅಂಕಿಯ ಬಲ ಎಷ್ಟೆಂದು ಬಾಗಲಕೋಟೆಯವರಿಗೆ ಗೊತ್ತು. ಕೃಷ್ಣಾ ನದಿಗೆ ಕಟ್ಟಿದ ಈ ಅಣೆಕಟ್ಟೆಯ ಹಿನ್ನೀರು ಘಟಪ್ರಭಾ ನದಿಯ ದಂಡೆಯಲ್ಲಿದ್ದ ಹಳೆಯ ಊರಿನ ಭಾಗಗಳನ್ನು ಮುಳುಗಿಸಿತು. ಮನೆ ಕಳೆದುಕೊಂಡವರಿಗಾಗಿ ನವನಗರ ಕಟ್ಟಬೇಕಾಯಿತು. ಇಳಕಲ್‌ಗೆ ವಿಳಾಸ ಬದಲಾಯಿತು, ಊರು ಕದಲಲಿಲ್ಲ ಎಂದೆವಲ್ಲ. ಬಾಗಲಕೋಟೆಯಲ್ಲಿ ಹೆಸರು ಉಳಿಯಿತು, ಊರೇ ಕದಲಿತು! ಯಾವ ಹೊಲ, ಯಾವ ಮನೆ ಮುಳುಗಡೆಗೆ ಬರುತ್ತದೆ ಎಂದು ತೀರ್ಮಾನಿಸುವಾಗ ಅಧಿಕಾರಿಗಳು ಆ ಜಾಗದ ಎತ್ತರವನ್ನು ಅದೇ ಸಮುದ್ರಮಟ್ಟದಿಂದ ಅಳೆದು ಹೋಲಿಸಬೇಕು. ಹೊಲದ ಎತ್ತರವನ್ನು ನದಿಯ ತಳದಿಂದ ಅಳೆದು, ನೀರಿನ ಎತ್ತರವನ್ನು ಸಮುದ್ರದಿಂದ ಅಳೆದರೆ ಹೋಲಿಕೆಯೇ ಸಾಧ್ಯವಿಲ್ಲ.

2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಈ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಕರ್ನಾಟಕಕ್ಕೆ ಅವಕಾಶ ನೀಡಿತು. ಈ ಅಂಕಿಯನ್ನು ನೋಡಿ. ಮಿಲಿಮೀಟರ್‌ವರೆಗೂ ಲೆಕ್ಕ! ಅಷ್ಟು ಸೂಕ್ಷ್ಮವಾಗಿ ಅಲೆಯಾಡುವ ನೀರನ್ನು ಅಳೆಯಲು ಆಗುತ್ತದೆಯೇ? ಗುಟ್ಟು ಬೇರೆ ಇದೆ. ಒಂದು ಅಡಿ ಎಂದರೆ 0.3048 ಮೀಟರ್. 1720ನ್ನು 0.3048ರಿಂದ ಗುಣಿಸಿ ನೋಡಿ. ಸರಿಯಾಗಿ 524.256! ಅಡಿಯಲ್ಲಿ ಅದು 1720 ಎಂಬ ದುಂಡು ಸಂಖ್ಯೆ. ಮೀಟರ್‌ಗೆ ಬದಲಿಸಿದಾಗ ದಶಮಾಂಶದ ಬಾಲ ಬಂತು. ಅಂಕಿ ಮೊದಲು ಯಾವ ಅಳತೆಯಲ್ಲಿ ಹುಟ್ಟಿತು ಎಂಬುದೂ ಮೆಟಾಡೇಟಾವೇ.

ಖಾಲಿ ಬಿಟ್ಟ ಕಾಲಂ

ಈಗ ಮತ್ತೆ ಇಳಕಲ್‌ಗೆ ಬರೋಣ. ಸೀರೆಯ ಪಟ್ಟಿಯಲ್ಲಿ ನಾವು ಇನ್ನೂ ಒಂದು ಕಾಲಂ ಸೇರಿಸಿಲ್ಲ. ‘ಯಾವ ಮಗ್ಗ?’ ಎಂಬುದು ಅದು. ಕೈಮಗ್ಗದಲ್ಲಿ ಕೊಂಡಿ ಹಾಕಿ ನೇಯ್ದ ಸೀರೆಗೂ ವಿದ್ಯುತ್ ಮಗ್ಗದಲ್ಲಿ ಬೇಗಬೇಗ ತಯಾರಾದ ಅದೇ ಬಣ್ಣದ ಸೀರೆಗೂ ದೂರದಿಂದ ವ್ಯತ್ಯಾಸ ಕಾಣುವುದಿಲ್ಲ. ಫೋಟೊದಲ್ಲಂತೂ ಸ್ವಲ್ಪವೂ ಕಾಣುವುದಿಲ್ಲ. ಇಂದು ಜನ ಸೀರೆಯನ್ನು ಮೊಬೈಲಿನಲ್ಲಿ ನೋಡಿಯೇ ಕೊಳ್ಳುತ್ತಾರೆ. ಕೊಳ್ಳುವವರಿಗೆ ಬಟ್ಟೆಯನ್ನು ಮುಟ್ಟಿ ನೋಡಲು ಆಗದು. ಅವರ ಕೈಗೆ ಸಿಗುವುದು ವಿವರಗಳು ಮಾತ್ರ.

ಮಗ್ಗದ ಕಾಲಂ ಖಾಲಿ ಇದ್ದರೆ ಎರಡೂ ‘ಇಳಕಲ್ ಸೀರೆ’ ಎಂದೇ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಆಗ ಕಡಿಮೆ ಬೆಲೆಯದು ಮಾರಾಟವಾಗುತ್ತದೆ. ಕೆಲವು ದಿನ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತು ನೇಯ್ದವರ ಸೀರೆ ಉಳಿಯುತ್ತದೆ. ವಿದ್ಯುತ್ ಮಗ್ಗದ ಸೀರೆ ಮಾರುವುದು ತಪ್ಪಲ್ಲ. ಆದರೆ ಅದನ್ನು ಹಾಗೆಂದು ಹೇಳಿ ಮಾರಬೇಕು. ಒಂದು ಖಾಲಿ ಕಾಲಂ ನೇಕಾರರ ಮನೆಯ ಕೂಲಿಯನ್ನೇ ಕಡಿಮೆ ಮಾಡಬಲ್ಲದು.

ಇದನ್ನು ತಡೆಯಲೆಂದೇ ಕೆಲವು ಗುರುತುಗಳಿವೆ. ಭಾರತ ಸರ್ಕಾರ 2006ರಲ್ಲಿ ‘ಹ್ಯಾಂಡ್‌ಲೂಮ್ ಮಾರ್ಕ್’ ಎಂಬ ಗುರುತನ್ನು ತಂದಿತು. ಅದಿರುವ ಬಟ್ಟೆ ಕೈಮಗ್ಗದ್ದು. ಇಳಕಲ್ ಸೀರೆಗೆ ‘ಭೌಗೋಳಿಕ ಸೂಚಿ’ ಎಂಬ ಮನ್ನಣೆಯೂ ದೊರೆತಿದೆ. 1999ರ ಒಂದು ಕಾಯ್ದೆಯ ಪ್ರಕಾರ ಕೊಡುವ ಈ ಮನ್ನಣೆಗೆ ಅರ್ಜಿ ಹಾಕುವಾಗ, ಆ ವಸ್ತು ಯಾವ ಪ್ರದೇಶದ್ದು, ಯಾವ ಕಚ್ಚಾ ಸಾಮಗ್ರಿಯಿಂದ, ಯಾವ ವಿಧಾನದಿಂದ ತಯಾರಾಗುತ್ತದೆ ಎಂದು ವಿವರವಾಗಿ ಬರೆದುಕೊಡಬೇಕು. ಮೈಸೂರು ರೇಷ್ಮೆಗೂ ಈ ಮನ್ನಣೆ ಇದೆ. ಸೀರೆಗೆ ಅಂಟಿಸಿದ ಪುಟ್ಟ ಚೀಟಿ, ಬಟ್ಟೆಯ ಬಗ್ಗೆ ಬಟ್ಟೆಯೇ ಹೇಳಲಾಗದ ಮಾತನ್ನು ಹೇಳುತ್ತದೆ.

ಗುರುತುಗಳನ್ನು ಓದುವಾಗ ಎಚ್ಚರವೂ ಬೇಕು. ಬಿಸ್ಕತ್ತಿನ ಪೊಟ್ಟಣದ ಮೇಲೆ ಕಪ್ಪು ಗೆರೆಗಳ ಬಾರ್‌ಕೋಡ್ ನೋಡಿದ್ದೀರಲ್ಲ? ಅದರ ಕೆಳಗಿನ ಸಂಖ್ಯೆ 890ರಿಂದ ಆರಂಭವಾದರೆ ‘ಭಾರತದಲ್ಲಿ ತಯಾರಾದದ್ದು’ ಎಂದು ಹಲವರು ನಂಬಿದ್ದಾರೆ. ಅದು ಪೂರ್ತಿ ಸರಿಯಲ್ಲ. ಸಂಖ್ಯೆಯನ್ನು ಕೊಟ್ಟದ್ದು ಭಾರತದ ಸಂಸ್ಥೆ ಎಂದಷ್ಟೇ ಅದರ ಅರ್ಥ. ವಸ್ತು ಎಲ್ಲಿ ತಯಾರಾಯಿತು ಎಂಬುದನ್ನು ಪೊಟ್ಟಣದ ಮೇಲೆ ಬೇರೆಯಾಗಿ ಬರೆದಿರುತ್ತಾರೆ, ಹುಡುಕಿ.

ಮೊಬೈಲಿನಲ್ಲಿ ತೆಗೆದ ಫೋಟೊದೊಳಗೂ ಮೆಟಾಡೇಟಾ ಅಡಗಿರುತ್ತದೆ. ತೆಗೆದ ದಿನ, ಗಂಟೆ, ನಿಮಿಷ, ಕೆಲವು ಸಲ ತೆಗೆದ ಜಾಗ ಕೂಡ. ನಿಮ್ಮ ಮನೆಯ ಫೋಟೊವನ್ನು ಗುರುತಿಲ್ಲದವರಿಗೆ ಕಳಿಸಬಾರದು ಎಂದು ದೊಡ್ಡವರು ಹೇಳುವುದಕ್ಕೆ ಇದೂ ಒಂದು ಕಾರಣ.

ಮಾಡಿ ನೋಡಿ

ನಿಮ್ಮ ಮನೆಯಲ್ಲಿ ಸಿಗುವ ಐದು ಸಂಖ್ಯೆಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ವಿದ್ಯುತ್ ಬಿಲ್ಲಿನಿಂದ ಒಂದು, ಔಷಧದ ಪೊಟ್ಟಣದಿಂದ ಒಂದು, ಗೊಬ್ಬರದ ಚೀಲದಿಂದ ಒಂದು, ಬಸ್ ಟಿಕೆಟ್ಟಿನಿಂದ ಒಂದು, ಸೀರೆಯ ಚೀಟಿಯಿಂದ ಒಂದು. ಬರೇ ಸಂಖ್ಯೆ, ಬೇರೇನೂ ಬರೆಯಬೇಡಿ. ಮರುದಿನ ಹಾಳೆಯನ್ನು ಗೆಳೆಯ ಅಥವಾ ಗೆಳತಿಯ ಕೈಗೆ ಕೊಟ್ಟು, ಯಾವುದು ಏನೆಂದು ಊಹಿಸಲು ಹೇಳಿ. ಎಷ್ಟು ಸರಿಯಾದವು? ಈಗ ಪ್ರತಿ ಸಂಖ್ಯೆಯ ಎದುರು ಒಂದೇ ಒಂದು ಪದ ಸೇರಿಸಲು ಮಾತ್ರ ನಿಮಗೆ ಅವಕಾಶವಿದ್ದರೆ ಯಾವ ಪದ ಸೇರಿಸುತ್ತೀರಿ? ಅಳತೆಯೋ, ದಿನಾಂಕವೋ, ವಸ್ತುವಿನ ಹೆಸರೋ? ಐದಕ್ಕೂ ಒಂದೇ ಬಗೆಯ ಪದ ಹೊಂದುವುದಿಲ್ಲ ಎಂಬುದನ್ನು ಕಾಣುವಿರಿ.

ಹಾಗೆಯೇ ಒಂದು ಲೆಕ್ಕ. ನಿಮ್ಮ ಊರಿನ ಹಳೆಯ ಗುಡಿಯ ಕಲ್ಲಿನ ಮೇಲೆ ‘ಶಕ 1045’ ಎಂದು ಇದೆ ಎಂದುಕೊಳ್ಳಿ. ಕ್ರಿಸ್ತಶಕ ಎಷ್ಟು? ಕಲ್ಲಿನ ಮೇಲೆ ತಿಂಗಳ ಹೆಸರು ಅಳಿಸಿಹೋಗಿದ್ದರೆ ನಿಮ್ಮ ಉತ್ತರ ಒಂದು ವರ್ಷ ಆಚೀಚೆ ಆಗಬಹುದು. ಏಕೆ? ಯುಗಾದಿ ಯಾವ ತಿಂಗಳಲ್ಲಿ ಬರುತ್ತದೆ, ಜನವರಿ 1 ಯಾವಾಗ ಬರುತ್ತದೆ ಎಂದು ಯೋಚಿಸಿ, ಉತ್ತರವನ್ನು ನಿಮ್ಮ ಶಿಕ್ಷಕರಿಗೆ ತೋರಿಸಿ.